ಕಾಳಿಯೆಂಬ ನಾಯಿಯೂ ಆತಕೂರಿನ ಕಲ್ಲೂ

ನಮ್ಮ ಆಡುಮಾತಿನಲ್ಲಿ ನಾಯಿಗೆ ದೊರೆತಿರುವ ಸ್ಥಾನ ಗೌರವದ್ದೇನಲ್ಲ. ಬಾಳು ಕೆಟ್ಟರೆ ಅದು ನಾಯಿಪಾಡು. ತಿದ್ದಲಾರದ ಗುಣಕ್ಕೆ ನಾಯಿಯ ಬಾಲವೇ ಉಪಮಾನ. ಆದರೆ ಇದೇ ಕನ್ನಡದಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಒಂದು ನಾಯಿಯ ಹೆಸರನ್ನು ಚಕ್ರವರ್ತಿಯ ಹೆಸರು ಇರುವ ಕಲ್ಲಿನಲ್ಲಿಯೇ ಕೆತ್ತಿದ್ದುಂಟು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕವರ್ಷ 872ರದು, ಎಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಹೋರಿದಾಗ ಗಂಗರ ಬೂತುಗನು ಅವನ ನೆರವಿಗೆ ನಿಂತನು, ರಾಜಾದಿತ್ಯನು ಮಡಿದನು. ಆ ಕಾಳಗದಲ್ಲಿ ಮೆರೆದ ಮಣಲೆರನೆಂಬ ತನ್ನ ವೀರನನ್ನು ಮೆಚ್ಚಿ, ಬೇಕಾದುದನ್ನು ಬೇಡೆಂದು ಬೂತುಗನು ಹೇಳಲು, ಅವನು ಬೇಡಿದ್ದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ನಾಯಿಗೆ ಕಲ್ಲು ನಿಂತಿತು. ಅದರ ಪೂಜೆಗೆಂದು ಭೂಮಿಯೂ ದತ್ತಿಯಾಯಿತು. ನಾಯಿ ಹಂದಿಗಳ ಸೆಣಸಾಟ ಆ ಕಲ್ಲಿನಲ್ಲಿ ಇಂದಿಗೂ ಕಾಣುತ್ತದೆ.

ಶಾಸನದ ಒಂದು ಕಟ್ಟಳೆ ವಿಚಾರಿಸತಕ್ಕದ್ದು. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಗಲುವುದಂತೆ. ನಾಯಿ ಮಾಡಿದ ಪಾಪ ಯಾವುದು? ಬೇಟೆಯ ಕೊಲೆಯೇ ಇರಬೇಕೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಈ ಕಲ್ಲು ಬರಿಯ ಹೊಗಳಿಕೆಯಲ್ಲ. ಯಜಮಾನನ ಸಂತೋಷಕ್ಕಾಗಿ ಪಾಪವನ್ನೂ ಸಾವನ್ನೂ ಹೊತ್ತ ಪ್ರಾಣಿಗೆ ಮನುಷ್ಯನು ಬರೆದುಕೊಟ್ಟ ಸಾಲಪತ್ರ. ನೆನೆಯುವುದೇ ಅದರ ಬಡ್ಡಿ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಕಲ್ಲು ಉಳಿಯಿತು, ಸಂತೋಷ. ಆದರೆ ಊರಿಗೂ ಕಲ್ಲಿಗೂ ಇದ್ದ ನಿತ್ಯದ ನಂಟು ಕಡಿಯಿತು. ಕಾಯ್ದಿಡುವುದೂ ನೆನೆಯುವುದೂ ಒಂದೇ ಅಲ್ಲ.

ಈ ಮಾತು ನಮ್ಮ ಹೊನ್ನವಳ್ಳಿ ಸೀಮೆಗೂ ಸಲ್ಲುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡಿನಲ್ಲಿ ನಾಯಿ ಬೇಟೆಯದಲ್ಲ, ಕಾವಲಿನದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಯ ಕೆಳಗೆ ಮಲಗುವುದು ಅದೇ. ಬೆಳಗಿನ ಜಾವ ರೈತನೊಡನೆ ತೋಟ ಸುತ್ತುವುದೂ ಅದೇ. ಅದನ್ನು ಜೊತೆಗೆ ಕರೆದುಕೊಂಡು ರಜೆಯ ದಿನ ಚರಿತ್ರೆಯನ್ನು ನೋಡಹೊರಟವರಿಗೆ ಒಂದು ತೊಡಕುಂಟು: ಗುಡಿಯೊಳಗೆ ನಾಯಿಗೆ ಪ್ರವೇಶವಿಲ್ಲ. ಅರಳಗುಪ್ಪೆಗೆ ಹೋದರೆ, ಒಂಬತ್ತನೆಯ ಶತಮಾನದ ಕಲ್ಲೇಶ್ವರ ಗುಡಿಯ ಛತ್ತಿನಲ್ಲಿ ಕುಣಿಯುವ ನಟರಾಜನನ್ನು ನೋಡಲು ಒಬ್ಬರು ಒಳಗೆ ಹೋದಾಗ ಮತ್ತೊಬ್ಬರು ಹಗ್ಗ ಹಿಡಿದು ಹೊರಗೆ ನಿಲ್ಲಬೇಕು.

ಹಾಗೆ ನಿಂತವರಿಗೆ ನಷ್ಟವೇನೂ ಇಲ್ಲ. ಅರಸನ ಚರಿತ್ರೆ ಗುಡಿಯ ಒಳಗಿದ್ದರೆ ಊರಿನ ಚರಿತ್ರೆ ಹೊರಗಿರುತ್ತದೆ. ತುರುಗಳನ್ನು ಕಾಯಲು ಹೋಗಿ ಮಡಿದವರ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಕನ್ನಡನಾಡಿನ ಉದ್ದಕ್ಕೂ ನಿಂತಿರುವುದು ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ. ನಾಯಿಯೊಡನೆ ಹೋಗಬಹುದಾದ ಜಾಗಗಳೂ ಇವೇ. ಮೋಟಾರಿನಲ್ಲಿ ಧಾವಿಸುವವನ ಕಣ್ಣಿಗೆ ಬೀಳದ ಕಲ್ಲು, ಹೆಜ್ಜೆಹೆಜ್ಜೆಗೂ ನಿಂತು ಮೂಸುವ ನಾಯಿಯ ಒಡೆಯನಿಗೆ ಕಾಣುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಬಿಸಿಲೇರುವ ಮುನ್ನ ಹೊರಡಿರಿ. ಕುರಿಮಂದೆ ಕಂಡರೆ ನಾಯಿಯ ಹಗ್ಗ ಬಿಗಿಹಿಡಿಯಿರಿ. ಕಲ್ಲು ಕಂಡರೆ ಎಣ್ಣೆ ಸುಣ್ಣ ಬಳಿಯಬೇಡಿರಿ, ಕದಲಿಸಲೂ ಬೇಡಿರಿ. ಚಿತ್ರ ತೆಗೆದುಕೊಂಡು, ಅದು ಇರುವ ಜಾಗವನ್ನೂ ಊರ ಹಿರಿಯರು ಅದಕ್ಕೆ ಹೇಳುವ ಹೆಸರನ್ನೂ ಬರೆದಿಡಿರಿ. ಆ ಹೆಸರು ಹಿರಿಯರೊಡನೆಯೇ ಹೋಗಿಬಿಟ್ಟರೆ ಉಳಿಯುವುದು ಬಟ್ಟೆ ಒಗೆಯುವ ಚಪ್ಪಡಿ ಮಾತ್ರ. ಕಾಳಿಯ ಹೆಸರು ನಮಗೆ ತಿಳಿದಿರುವುದು ಅಂದು ಯಾರೋ ಅದನ್ನು ಬರೆದಿಟ್ಟರೆಂಬ ಕಾರಣದಿಂದ.