ಟೈ ಲೈನ್ ಯಾಕೆ ಓರೆ?

ಒಂದು ಲೋಟ ನೀರಿಗೆ ಒಂದು ಮುಚ್ಚಳ ಡೆಟಾಲ್ ಹಾಕಿ ನೋಡಿ. ಬಾಟಲಿಯಲ್ಲಿ ಕಂದು ಬಣ್ಣಕ್ಕೆ ತಿಳಿಯಾಗಿ ಇದ್ದದ್ದು ನೀರಿಗೆ ಬಿದ್ದ ತಕ್ಷಣ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಅದರೊಳಗಿರುವ ಪೈನ್ ಎಣ್ಣೆಯಂಥ ಪದಾರ್ಥಗಳಿಗೂ ನೀರಿಗೂ ಆಗಿಬರಲ್ಲ. ಬಾಟಲಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟಿರೋದು ಮುಖ್ಯವಾಗಿ ಆಲ್ಕೋಹಾಲ್, ಜೊತೆಗೆ ಸ್ವಲ್ಪ ಸೋಪು. ನೀರು ಹೆಚ್ಚಾದಾಗ ಆಲ್ಕೋಹಾಲ್‌ನ ಪಾಲು ಸಾಲದೆ ಹೋಗಿ, ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಹೊರಗೆ ಬೀಳುತ್ತೆ. ಆ ಹನಿಗಳು ಬೆಳಕನ್ನು ಚದುರಿಸೋದೇ ಆ ಬಿಳುಪು.

ಮಾಸ್ ಟ್ರಾನ್ಸ್‌ಫರ್ ಲ್ಯಾಬ್‌ನಲ್ಲಿ ನಾವು ಮಾಡೋದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಜಗಳಗಂಟರು ನೀರು ಮತ್ತು ಕ್ಲೋರೋಫಾರ್ಮ್, ಮಧ್ಯಸ್ಥಗಾರ ಅಸಿಟಿಕ್ ಆಸಿಡ್. ಆಸಿಡ್ ಎರಡರಲ್ಲೂ ಎಷ್ಟು ಬೇಕಾದರೂ ಬೆರೆಯುತ್ತೆ. ಕೋನಿಕಲ್ ಫ್ಲಾಸ್ಕಿನಲ್ಲಿ ಕ್ಲೋರೋಫಾರ್ಮ್ ಮತ್ತು ಆಸಿಡ್ ತಗೊಂಡು, ಬ್ಯುರೆಟ್‌ನಿಂದ ಹನಿ ಹನಿ ನೀರು ಬಿಡ್ತಾ ಕುಲುಕ್ತಾ ಹೋಗಬೇಕು. ಮಬ್ಬು ಹಿಡಿದು, ಕುಲುಕಿದರೂ ಹೋಗದೆ ನಿಂತ ಕಡೆ ರೀಡಿಂಗ್. ಹೀಗೆ ಬೇರೆ ಬೇರೆ ಪ್ರಮಾಣಗಳಲ್ಲಿ ಸಿಕ್ಕ ಚುಕ್ಕೆಗಳನ್ನು ಸಮಬಾಹು ತ್ರಿಭುಜದಲ್ಲಿ ಗುರುತಿಸಿ ಸೇರಿಸಿದರೆ ಗುಡ್ಡದ ಆಕಾರದ ಬೈನೋಡಲ್ ಕರ್ವ್ ಬರುತ್ತೆ. ಗುಡ್ಡದ ಹೊರಗೆ ಒಂದೇ ದ್ರಾವಣ, ಒಳಗೆ ಎರಡು ಪದರ.

ತ್ರಿಭುಜವೇ ಯಾಕೆ ಅಂದರೆ, ಸಮಬಾಹು ತ್ರಿಭುಜದ ಒಳಗೆ ಯಾವ ಚುಕ್ಕೆ ಇಟ್ಟರೂ ಅಲ್ಲಿಂದ ಮೂರು ಬಾಹುಗಳಿಗೆ ಇಳಿಸಿದ ಲಂಬಗಳ ಮೊತ್ತ ತ್ರಿಭುಜದ ಎತ್ತರಕ್ಕೆ ಸಮ. ಎತ್ತರವನ್ನು 100 ಅಂತ ಇಟ್ಟುಕೊಂಡರೆ ಮೂರು ಪದಾರ್ಥಗಳ ಶೇಕಡಾವಾರು ತಾನಾಗೇ ಕೂತುಬಿಡುತ್ತೆ. ಅಂದಹಾಗೆ ಬ್ಯುರೆಟ್ ಕೊಡೋದು ಮಿಲಿಲೀಟರ್, ಗ್ರಾಫಿಗೆ ಹೋಗಬೇಕಾದದ್ದು ತೂಕ. ಒಂದು ಮಿಲಿಲೀಟರ್ ಕ್ಲೋರೋಫಾರ್ಮ್ ಸುಮಾರು 1.49 ಗ್ರಾಂ ತೂಗುತ್ತೆ. ಇದನ್ನು ಮರೆತರೆ ಇಡೀ ಗುಡ್ಡ ಪಕ್ಕಕ್ಕೆ ಸರಿಯುತ್ತೆ.

ಇಷ್ಟನ್ನು ನಾನು ಸರಿಯಾಗೇ ಮಾಡಿದ್ದೆ. ಕೆಟ್ಟಿದ್ದು ಆಮೇಲೆ. ಗುಡ್ಡದೊಳಗೆ ಟೈ ಲೈನ್ ಎಳೆಯೋಕೆ ಎರಡು ಪದರಗಳನ್ನೂ ಸೆಪರೇಟಿಂಗ್ ಫನಲ್‌ನಲ್ಲಿ ಬೇರ್ಪಡಿಸಿ, ಒಂದೊಂದನ್ನೂ ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಟೈಟ್ರೇಟ್ ಮಾಡಬೇಕು. ಹೊತ್ತಾಗಿತ್ತು, ಬಸ್ಸಿಗೂ ಟೈಮಾಗಿತ್ತು. ಸ್ಕೇಲ್ ಇಟ್ಟು ತಳಕ್ಕೆ ಸಮಾಂತರವಾಗಿ ಐದು ಗೆರೆ ಎಳೆದು ರೆಕಾರ್ಡ್ ಮುಗಿಸಿದೆ. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೇಳಿದ್ದು ಒಂದೇ ಪ್ರಶ್ನೆ: "ಏನಪ್ಪಾ, ಆಸಿಡ್‌ಗೆ ನೀರೂ ಕ್ಲೋರೋಫಾರ್ಮೂ ಒಂದೇನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸಿಡ್ ಮೂಲೆ ಮೇಲಿದ್ದಾಗ ಅಡ್ಡಗೆರೆ ಅಂದರೆ ಎರಡು ಪದರದಲ್ಲೂ ಆಸಿಡ್‌ನ ಶೇಕಡಾವಾರು ಒಂದೇ ಅಂತ ಅರ್ಥ. ನಿಜಸ್ಥಿತಿ ಹಾಗಿಲ್ಲ. 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಒಂದು ಟೈ ಲೈನ್ ನೋಡಿ: ಕ್ಲೋರೋಫಾರ್ಮ್ ಪದರದಲ್ಲಿ ಆಸಿಡ್ 6.8%, ಅದರ ಜೊತೆ ಸಮತೋಲದಲ್ಲಿರುವ ನೀರಿನ ಪದರದಲ್ಲಿ 25.1%. ಆಸಿಡ್ ನೀರಿನ ಜೊತೆ ಹೈಡ್ರೋಜನ್ ಬಂಧ ಚೆನ್ನಾಗಿ ಕಟ್ಟಿಕೊಳ್ಳುತ್ತೆ, ಅದಕ್ಕೇ ಆ ಕಡೆ ಒಲವು. ಗೆರೆ ನೀರಿನ ಕಡೆಗೆ ಮೇಲೇರಿ ಓರೆಯಾಗೋದು ಈ ಕಾರಣಕ್ಕೆ.

ಈಗ 46.5 ಗ್ರಾಂ ಕ್ಲೋರೋಫಾರ್ಮ್, 37.5 ಗ್ರಾಂ ನೀರು, 16 ಗ್ರಾಂ ಆಸಿಡ್ ಬೆರೆಸಿದಿರಿ ಅನ್ನಿ. ಈ ಚುಕ್ಕೆ ಆ ಗೆರೆಯ ನಟ್ಟನಡುವೆ ಬೀಳುತ್ತೆ. ತಕ್ಕಡಿಯ ಲೆಕ್ಕದಂತೆ ಎರಡೂ ಪದರ ತಲಾ 50 ಗ್ರಾಂ. ಮೇಲಿನ ನೀರಿನ ಪದರಕ್ಕೆ ಸುಮಾರು 12.5 ಗ್ರಾಂ ಆಸಿಡ್ ಹೋಗುತ್ತೆ, ಕೆಳಗಿನದಕ್ಕೆ ಬರೀ 3.4 ಗ್ರಾಂ. ನನ್ನ ಅಡ್ಡಗೆರೆ ನಂಬಿದ್ದರೆ ಎರಡರಲ್ಲೂ 16% ಅಂತ ಬರೆದುಬಿಡುತ್ತಿದ್ದೆ. ಅದೇ ಗೆರೆಯ ಮೇಲೆ ಚುಕ್ಕೆಯನ್ನು ನೀರಿನ ಕಡೆ ಸರಿಸಿದರೆ ನೀರಿನ ಪದರದ ತೂಕ ಹೆಚ್ಚುತ್ತೆ ಅಷ್ಟೇ, ಪದರಗಳ ಒಳಗಿನ ಶೇಕಡಾವಾರು ಕದಲಲ್ಲ. ಗಿಬ್ಸ್‌ನ ಫೇಸ್ ರೂಲ್ ಹೇಳೋದೂ ಇದೇ. ಮೂರು ಘಟಕ, ಎರಡು ಪದರ, ತಾಪ ಮತ್ತು ಒತ್ತಡ ಸ್ಥಿರ ಅಂದರೆ ಉಳಿಯೋ ಸ್ವಾತಂತ್ರ್ಯ ಒಂದೇ ಒಂದು. ಒಂದು ಪದರದ ಆಸಿಡ್ ಎಷ್ಟು ಅಂತ ನಿಗದಿ ಮಾಡಿದಿರೋ, ಮಿಕ್ಕದ್ದೆಲ್ಲ ನಿಗದಿಯಾದಂತೆ.

ಆಸಿಡ್ ಹೆಚ್ಚಿಸ್ತಾ ಹೋದರೆ ಟೈ ಲೈನ್‌ಗಳು ಗಿಡ್ಡವಾಗ್ತಾ ಬಂದು ಕೊನೆಗೆ ಒಂದು ಚುಕ್ಕೆಗೆ ಸೇರುತ್ತವೆ. ಅದೇ ಪ್ಲೇಟ್ ಪಾಯಿಂಟ್. ಗೆರೆಗಳು ಓರೆ ಇರೋದರಿಂದ ಅದು ಗುಡ್ಡದ ನೆತ್ತಿಯಲ್ಲಿ ಇರಲ್ಲ, ಕ್ಲೋರೋಫಾರ್ಮ್ ಕಡೆಯ ಇಳಿಜಾರಿನಲ್ಲಿ ಸಿಗುತ್ತೆ. ನಾನು ಅದನ್ನೂ ನೆತ್ತಿಯಲ್ಲೇ ಗುರುತಿಸಿದ್ದೆ ಅಂತ ಬೇರೆ ಹೇಳಬೇಕಿಲ್ಲ.

ಇದು ಬರೀ ವೈವಾ ಮಾರ್ಕ್ಸಿನ ಮಾತಲ್ಲ. ಕಾರ್ಖಾನೆಯ ನೀರಿನಲ್ಲಿ ಸ್ವಲ್ಪ ಅಸಿಟಿಕ್ ಆಸಿಡ್ ಉಳಿದಿದೆ, ವಾಪಸ್ ಬೇಕು ಅನ್ನಿ. ನೀರು 100 ಡಿಗ್ರಿಗೆ, ಆಸಿಡ್ 118 ಡಿಗ್ರಿಗೆ ಕುದಿಯೋದಾದರೂ ಬರೀ ಡಿಸ್ಟಿಲೇಷನ್‌ನಲ್ಲಿ ಬೇರ್ಪಡಿಸೋದು ದುಬಾರಿ, ಯಾಕಂದ್ರೆ ಇರೋ ಅಷ್ಟೂ ನೀರನ್ನು ಆವಿ ಮಾಡಬೇಕು. ಹಾಗಾಗಿ ಮೊದಲು ಇನ್ನೊಂದು ದ್ರವದಿಂದ ಆಸಿಡ್ ಎಳೆದುಕೊಳ್ತಾರೆ. ಆ ದ್ರವ ಕ್ಲೋರೋಫಾರ್ಮ್ ಆಗಬಹುದಾ? ಮೇಲಿನ ಗೆರೆಯೇ ಬೇಡ ಅನ್ನುತ್ತೆ. ವಿಷದ ಮಾತು ಪಕ್ಕಕ್ಕಿಟ್ಟರೂ, ನೀರಲ್ಲಿ 25% ಇದ್ದಾಗ ಅದು ಹಿಡಿಯೋದು 7% ಮಾತ್ರ. ಈ ಕೆಲಸಕ್ಕೆ ಬಳಕೆಯಲ್ಲಿರುವ ಈಥೈಲ್ ಅಸಿಟೇಟ್ ಆಸಿಡ್‌ನ ಪಾಲನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತೆ. ಅದಕ್ಕೂ ತೊಂದರೆ ಇದೆ: ಅದೇ ನೀರಿನಲ್ಲಿ ಸುಮಾರು 8% ಕರಗಿ ಹೋಗುತ್ತೆ, ಅದನ್ನು ಮತ್ತೆ ಹಿಡಿಯೋಕೆ ಇನ್ನೊಂದು ಕಾಲಮ್ ಬೇಕು.

ಓರೆ ಯಾವಾಗಲೂ ಒಂದೇ ಕಡೆಗೂ ಇರಬೇಕಿಲ್ಲ. ನೀರು, ಬೆಂಜೀನ್, ಪಿರಿಡೀನ್ ತಗೊಂಡರೆ ಪಿರಿಡೀನ್ ಕಮ್ಮಿ ಇದ್ದಾಗ ಗೆರೆ ಬೆಂಜೀನ್ ಕಡೆ ಏರುತ್ತೆ, ಹೆಚ್ಚಾದಾಗ ನೀರಿನ ಕಡೆ ತಿರುಗುತ್ತೆ. ನಡುವೆ ಎಲ್ಲೋ ಒಂದು ಕಡೆ, ನಾನು ಸ್ಕೇಲಿನಲ್ಲಿ ಎಳೆದಂಥ ಅಡ್ಡಗೆರೆ ನಿಜವಾಗಲೂ ಸಿಗುತ್ತೆ.