ಒಂದೆಡೆಯಿಂದ ಸರ್ವರ್‌ಗಳ ಮೇಲ್ವಿಚಾರಣೆ

ಸದಸ್ಯ ಬಾಂಧವರ ತೂಕದ, ಮುಂಗಡದ ಲೆಕ್ಕವೆಲ್ಲ ಈಗ ನಮ್ಮ ಸಂಘದ ಸರ್ವರ್‌ಗಳಲ್ಲಿದೆ. ಅಡಿಕೆಯ ನಡುವೆ ಕಾಫಿ, ಮೆಣಸು ಬೆಳೆಯುವಂತೆ, ಒಂದೇ ಸರ್ವರ್‌ನೊಳಗೆ ಹಲವು ವರ್ಚುವಲ್ ಯಂತ್ರಗಳು ನಡೆಯುತ್ತವೆ. ಎಲ್ಲವನ್ನೂ ಒಂದೆಡೆಯಿಂದ ನೋಡಿಕೊಳ್ಳಲು ತಂತ್ರಾಂಶ ಬೇಕು.

ಆಯ್ಕೆಯಲ್ಲಿ ನಾವು ಮೊದಲು ನೋಡಬೇಕಾದದ್ದು ಖರ್ಚು. 2023ರಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಬಳಿಕ ಅದರ ಶಾಶ್ವತ ಪರವಾನಗಿಯ ಮಾರಾಟ ನಿಂತು, ಚಂದಾ ಪದ್ಧತಿ ಬಂದಿತು. ಪ್ರಾಕ್ಸ್‌ಮಾಕ್ಸ್ ಬಳಕೆಗೆ ಶುಲ್ಕವಿಲ್ಲ. ಬೆಂಬಲಕ್ಕೆ ಮಾತ್ರ ಚಂದಾ. ಆದರೆ ಅದರ ಗುಂಪಿಗೆ ಬಹುಮತ ಬೇಕು. ಎರಡರಲ್ಲಿ ಒಂದು ಕೆಟ್ಟರೆ ಬಹುಮತವಿಲ್ಲ. ಆದುದರಿಂದ ಮೂರು ಸರ್ವರ್ ಇರುವುದು ಲೇಸು.

ಈ ತಂತ್ರಾಂಶದ ಗುಪ್ತಪದವೆಂದರೆ ಇಡೀ ಉಗ್ರಾಣದ ಬೀಗದ ಕೈ. ಅದು ಕಳ್ಳರ ಪಾಲಾದರೂ ಲೆಕ್ಕ ಉಳಿಯಬೇಕಾದರೆ, ಪ್ರತಿಯೊಂದನ್ನು ಬೇರೆಡೆ, ಬೇರೆ ಗುಪ್ತಪದದಲ್ಲಿಟ್ಟು ಆಗಾಗ ಪರೀಕ್ಷಿಸುತ್ತಿರಬೇಕು.