ಪಿಟೀಲಿನ ಸಿಳ್ಳು

ಭೌತಶಾಸ್ತ್ರವನ್ನು ಬೋಧಿಸುವ ನಾವು ಮೂವತ್ತು ದಾಟಿದ ಮೇಲೆ ಪಿಟೀಲು ಕಲಿಯಹೊರಟುದು ನೆರೆಹೊರೆಯವರ ಸಹನೆಗೊಂದು ಪರೀಕ್ಷೆಯೇ ಆಯಿತು. ಮೊದಲ ಎರಡು ತಿಂಗಳು ಗುರುಗಳು ನಮ್ಮ ಎಡಗೈ ಬೆರಳುಗಳನ್ನು ತಂತಿಗೆ ಸೋಕಿಸಗೊಡಲಿಲ್ಲ. ಬೆಳಗಿನ ಐದೂವರೆಗೆ ಎದ್ದು, ಚಕ್ಕಳಮಕ್ಕಳ ಹಾಕಿ ಕುಳಿತು, ಶ್ರುತಿಪೆಟ್ಟಿಗೆಯೊಡನೆ ಅರ್ಧ ಗಂಟೆ ಬರಿಯ ಷಡ್ಜವನ್ನು ಎಳೆಯಬೇಕು. ಒಂದೊಂದು ಎಳೆತವೂ ಎಂಟು ಸೆಕೆಂಡು. ಸರಳೆ, ಜಂಟಿ, ಅಲಂಕಾರಗಳು ಮೂರು ಕಾಲಗಳಲ್ಲಿ ಆಮೇಲೆ ಬಂದುವು. ಆಗಲೂ ಮೊದಲ ಅರ್ಧ ಗಂಟೆ ಷಡ್ಜಕ್ಕೇ ಮೀಸಲು. ಅದು ಕಾಲಹರಣವೆಂದೆಣಿಸಿ ನಾವು ಎಷ್ಟೋ ದಿನ ಕದ್ದುದುಂಟು.

ಮೂರನೆಯ ವರ್ಷ ರಾಮನವಮಿಯ ಚಪ್ಪರದಲ್ಲಿ ಮೋಹನ ವರ್ಣ ನುಡಿಸುವ ಸರದಿ ನಮ್ಮದಾಯಿತು. ಮುಂದಿನ ಸಾಲಿನಲ್ಲಿ ನಮ್ಮದೇ ತರಗತಿಯ ವಿದ್ಯಾರ್ಥಿಗಳು! ಕೈ ನಡುಗಿತು. ಹಿಂದೆ ಕುಳಿತವರಿಗೆ ನಾದ ಕೇಳಿಸದೆಂಬ ಭಯದಿಂದ, ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆಯ ಬಳಿಗೆ ಕಮಾನನ್ನು ಸರಿಸಿ, ರಭಸದಿಂದ ಎಳೆದೆವು. ಹೊರಟುದು ಸ್ವರವಲ್ಲ, ಸಿಳ್ಳು. ಪಲ್ಲವಿ ಮುಗಿಯುವವರೆಗೂ ಅದು ನಮ್ಮನ್ನು ಬಿಡಲಿಲ್ಲ. "ಏನು ಮೇಷ್ಟ್ರೇ, ಕುದುರೆ ಸವಾರಿಗೇ ಹೊರಟುಬಿಟ್ಟಿರಲ್ಲ!" ಎಂದರು ಗುರುಗಳು.

ಆ ರಾತ್ರಿ ನಿದ್ರೆ ಬಾರದೆ ಪುಸ್ತಕಗಳನ್ನು ತೆರೆದೆವು.

ರಾಳ ಸವರಿದ ಕಮಾನಿನ ಕೂದಲು ತಂತಿಯನ್ನು ಹಿಡಿದು ತನ್ನೊಡನೆ ಒಯ್ಯುತ್ತದೆ. ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ. ಮತ್ತೆ ಹಿಡಿತ, ಮತ್ತೆ ಜಾರಿಕೆ. ನುಡಿಯುತ್ತಿರುವ ತಂತಿ ಕಣ್ಣಿಗೆ ಉಬ್ಬಿದಂತೆ ತೋರುತ್ತದೆಯಷ್ಟೆ. ಆದರೆ ಯಾವ ಕ್ಷಣದಲ್ಲಿ ನೋಡಿದರೂ ಅದು ಎರಡು ಸರಳರೇಖೆಗಳು ಕೂಡಿದ ಒಂದು ಕೋನವೆಂದೂ, ಆ ಕೋನವು ತಂತಿಯುದ್ದಕ್ಕೂ ಓಡಿ ಮರಳುತ್ತಿರುತ್ತದೆಂದೂ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಸೆಕೆಂಡಿಗೆ 200 ಬಾರಿ ಕಂಪಿಸುವ ತಂತಿಯಲ್ಲಿ ಕೋನದ ಒಂದು ಸುತ್ತಿಗೆ 5 ಮಿಲಿಸೆಕೆಂಡು ಸಾಕು. ಕಮಾನು ಕುದುರೆಯಿಂದ ತಂತಿಯುದ್ದದ ಹತ್ತನೆಯ ಒಂದು ಭಾಗದಷ್ಟು ದೂರದಲ್ಲಿದ್ದರೆ, ಅದರಲ್ಲಿ 4.5 ಮಿಲಿಸೆಕೆಂಡು ಹಿಡಿತ, 0.5 ಜಾರಿಕೆ. ಗುರುಗಳ ಎಂಟು ಸೆಕೆಂಡಿನ ಎಳೆತದಲ್ಲಿ ಈ ಹಿಡಿದು ಬಿಡುವ ಆಟ 1,600 ಬಾರಿ ತಪ್ಪದೆ ನಡೆಯಬೇಕು!

ಒತ್ತಡ ಸಾಲದಿದ್ದರೆ ಕೋನ ಬರುವ ಮೊದಲೇ ತಂತಿ ಜಾರಿಬಿಡುತ್ತದೆ, ಅದೇ ಸಿಳ್ಳು. ಅತಿಯಾದರೆ ಕೋನ ಬಂದರೂ ಬಿಡಿಸಿಕೊಳ್ಳಲಾರದು. ಆಗ ಕರಕರ ಸದ್ದು. ಕನಿಷ್ಠ ಒತ್ತಡದ ಲೆಕ್ಕವನ್ನು 1918ರಲ್ಲಿ ಕೊಟ್ಟವರು ನಮ್ಮ ಸಿ. ವಿ. ರಾಮನ್. ಕಲ್ಕತ್ತೆಯಲ್ಲಿ ಅವರು ಪಿಟೀಲನ್ನು ಯಂತ್ರದಿಂದ ನುಡಿಸಿಯೂ ನೋಡಿದರು. ಸ್ವಾರಸ್ಯವೆಂದರೆ ಅಲ್ಲಿ ಕಮಾನು ಅಲುಗದು, ಪಿಟೀಲೇ ಹಿಂದೆ ಮುಂದೆ ಚಲಿಸುವುದು. ಕಮಾನಿನ ವೇಗ ಹೆಚ್ಚಿದಷ್ಟೂ ಕನಿಷ್ಠ ಒತ್ತಡ ಹೆಚ್ಚುತ್ತದೆ. ಕುದುರೆಯಿಂದ ದೂರವನ್ನು ಅರ್ಧಕ್ಕೆ ಇಳಿಸಿದರೆ ನಾಲ್ಕು ಪಟ್ಟಾಗುತ್ತದೆ. ಗರಿಷ್ಠ ಒತ್ತಡವೋ ಎರಡೇ ಪಟ್ಟು. ಎಂದರೆ ಕುದುರೆಯನ್ನು ಸಮೀಪಿಸಿದಂತೆ ಸುಸ್ವರದ ಓಣಿ ಕಿರಿದಾಗುತ್ತ ಹೋಗುತ್ತದೆ. ನಾವು ಬಳಿಗೂ ಸರಿದೆವು, ವೇಗವಾಗಿಯೂ ಎಳೆದೆವು. ನಡುಗುವ ಕೈಯಲ್ಲಿ ಒತ್ತಡ ಮಾತ್ರ ಇರಲಿಲ್ಲ.

ಈಗ ಅರ್ಧ ಗಂಟೆಯ ಷಡ್ಜವನ್ನು ಕದಿಯುವುದಿಲ್ಲ. ಕನ್ನಡಿಯ ಮುಂದೆ ಕುಳಿತು, ಕಮಾನು ಕುದುರೆಯತ್ತ ಜಾರದಂತೆ ಕಾಯುತ್ತೇವೆ. ಲೆಕ್ಕ ತಿಳಿದುದರಿಂದ ಕೈನಡುಕ ನಿಂತಿತೆಂದು ಹೇಳಲಾರೆವು. ಮರುವರ್ಷ ಅದೇ ಚಪ್ಪರದಲ್ಲಿ ಅದೇ ವರ್ಣ. ಮುಕ್ತಾಯಿ ಸ್ವರದಲ್ಲಿ ಒಮ್ಮೆ ಮಾತ್ರ ಸಿಳ್ಳು ಕೇಳಿಸಿತು. ಗುರುಗಳು ತಲೆಯೆತ್ತಲಿಲ್ಲ, ತಾಳ ಹಾಕುತ್ತಲೇ ಇದ್ದರು.